ಆಟಗಾರರು ಕಥೆ ಬಿಟ್ಟು ಹೊರಟರೆ: ಅಚ್ಚಾದ ಸಾಹಸವೋ, ಗಡಿಯಾರದ ಚೀಟಿಯೋ?

ನನ್ನ ಮತ ಗಡಿಯಾರದ ಚೀಟಿಗೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಭಾಗ ಮಾಡಿದ ಒಂದು ವೃತ್ತವನ್ನು ಬರೆದ ರಟ್ಟಿನ ಹಾಳೆ ಅದು; ಕಥೆಯೊಳಗಿನ ಒಬ್ಬನ ಹಂಚಿಕೆ ಮುಂದುವರಿದಂತೆ ಭಾಗಗಳು ಒಂದೊಂದಾಗಿ ತುಂಬುತ್ತವೆ. ಉಡುಪಿಯ ಕುಂಜಿಬೆಟ್ಟಿನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ತಂಡಕ್ಕೆ ನಾನೇ ಗೇಮ್ ಮಾಸ್ಟರ್, ಅಂದರೆ ಕಥೆ ಹೇಳಿ ಆಟ ನಡೆಸುವ ಕೆಲಸ ನನ್ನದು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತ ಆಡುವ ಪಾತ್ರಾಭಿನಯದ ಆಟದಲ್ಲಿ ಆಟಗಾರರು ಸಿದ್ಧಪಡಿಸಿದ ಕಥೆಯನ್ನು ಬಿಟ್ಟು ತಮಗೆ ತೋಚಿದತ್ತ ನಡೆಯುವುದು ತಪ್ಪಲ್ಲ. ಆಟದ ಸೊಗಸೇ ಅದು. ಆ ಹೊತ್ತಿನಲ್ಲಿ ಯಾವ ಉಪಾಯ ಕೈಹಿಡಿಯುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಮೂರು ಸಾವಿರ ರೂಪಾಯಿಗೂ ಮೀರಿ ಕೊಟ್ಟು ಒಂದು ಅಚ್ಚಾದ ಸಾಹಸದ ಪುಸ್ತಕ, ಅಂದರೆ ಕಥೆ, ಪಾತ್ರ, ನಕ್ಷೆ ಎಲ್ಲ ಸಿದ್ಧವಾಗಿರುವ ಪುಸ್ತಕ ತರಿಸಿದ್ದೆ. ನಕ್ಷೆಗಳು ಕಣ್ಣಿಗೆ ಹಬ್ಬ. ತೊಂದರೆ ಇದ್ದದ್ದು ಹುಡುಕಾಟದಲ್ಲಿ. ತಂಡ ಗಾಡಿಯ ಜೊತೆ ಬೆಟ್ಟ ಹತ್ತಬೇಕೆಂದು ಪುಸ್ತಕ ಬಯಸುತ್ತದೆ. ನಮ್ಮವರು ಬಂದರಿನಲ್ಲೇ ಉಳಿದು ಸುಂಕದ ಕಟ್ಟೆಯ ಗುಮಾಸ್ತನ ಬೆನ್ನು ಹತ್ತಿದರು. ಅವನಿಗೆ ಅಲ್ಲಿ ಮೀಸಲಾಗಿದ್ದದ್ದು ಒಂದೇ ಸಾಲು. ಅವನು ಯಾರಿಗೆ ಹೆದರುತ್ತಾನೆ ಎಂಬುದು ಮುಂದಿನ ಅಧ್ಯಾಯದ ಯಾವುದೋ ಕೋಣೆಯ ವಿವರಣೆಯಲ್ಲಿ ಹುದುಗಿತ್ತು. ಅವನ ಒಡೆಯನ ಉದ್ದೇಶ ಕೊನೆಯ ಅನುಬಂಧದಲ್ಲಿತ್ತು. ನಾನು ಪುಟ ತಿರುವುತ್ತಿದ್ದಂತೆ ಒಬ್ಬೊಬ್ಬರ ಕೈಗೂ ಮೊಬೈಲ್ ಬಂತು.

ಬೇಕಾದ ಪುಟಗಳಿಗೆ ಗುರುತಿಗೆಂದು ಬಣ್ಣದ ಕಾಗದ ಅಂಟಿಸಿದರೂ ಫಲ ಸಿಗಲಿಲ್ಲ. ಪುಸ್ತಕ ಘಟನೆಗಳ ಕ್ರಮದಲ್ಲಿ ಸಾಗುತ್ತದೆ, ಆಟಗಾರರು ಮನುಷ್ಯರನ್ನು ಹಿಡಿದು ಪ್ರಶ್ನಿಸುತ್ತಾರೆ. ಅದೂ ಹೋಗಲಿ, ಬೇಕಾದ ಪುಟ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಗುಮಾಸ್ತ ನೀರುಪಾಲಾದರೆ? ಮೂರನೇ ಅಧ್ಯಾಯದಲ್ಲಿ ಬೀಗದ ಕೈ ಕೊಡಬೇಕಾದವನು ಅವನೇ! ಅಲ್ಲಿಂದ ಮುಂದೆ ಪ್ರತಿ ಪುಟದ ಅಂಚಿನಲ್ಲೂ ತಿದ್ದುಪಡಿ ಬರೆಯಬೇಕು. ಅಷ್ಟು ಬರೆಯುವುದಿದ್ದರೆ ಹಣ ಕೊಟ್ಟದ್ದು ಯಾತಕ್ಕೆ?

ಅವರು ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಅದೇ ಪಾಳುಗುಡಿಯನ್ನು ಎದುರಿಗೆ ತಂದು ನಿಲ್ಲಿಸುವ ಉಪಾಯವೂ ಇದೆ. ಸುಲಭ, ಆದರೆ ನನಗೆ ಬೇಡ. ಗುಟ್ಟು ತಿಳಿದ ದಿನ ಆಟಗಾರರು ಆಯ್ಕೆ ಮಾಡುವುದನ್ನೇ ನಿಲ್ಲಿಸುತ್ತಾರೆ.

ದಾಳ ಉರುಳಿಸಿ ನೋಡುವ ಪಟ್ಟಿಗಳು ಹೆಸರು, ಹವೆ, ದಾರಿಯ ಅಪಾಯಗಳಿಗೆ ಚೆನ್ನ. ಆರು ಮುಖದ ಎರಡು ದಾಳಗಳನ್ನು ಅಡ್ಡ, ಉದ್ದ ಓದಿದರೆ 36 ಮನೆಗಳು. ಆದರೆ ದಾಳ ತೋರಿಸಿದ ಅಪಾಯ ಅಲ್ಲಿ ಏಕೆ ಇದೆ ಎಂಬ ಪ್ರಶ್ನೆಗೆ ಪಟ್ಟಿ ಉತ್ತರಿಸುವುದಿಲ್ಲ.

ಏನೂ ತಯಾರಿ ಇಲ್ಲದೆ ಆಡಿಸಬಹುದಲ್ಲ, ತಾಳಮದ್ದಳೆಯ ಅರ್ಥಧಾರಿಗಳು ಆಶುವಾಗಿ ಮಾತನಾಡುವುದಿಲ್ಲವೇ ಎಂದು ನಮ್ಮ ಊರಿನಲ್ಲಿ ಕೇಳುವವರಿದ್ದಾರೆ. ಆಡುತ್ತಾರೆ ನಿಜ. ಆದರೆ ಅವರಿಗೆ ಪ್ರಸಂಗದ ಪದ್ಯಗಳ ಆಧಾರವಿದೆ. ವಾದ ಎಷ್ಟೇ ಬೆಳೆದರೂ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಕಥೆ ಮುಂದೆ ಸರಿಯುತ್ತದೆ. ನನ್ನ ಮೇಜಿನ ಮೇಲೆ ಆ ಕೆಲಸವನ್ನು ಗಡಿಯಾರ ಮಾಡುತ್ತದೆ.

2010ರ ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಆಟದಲ್ಲಿ ಈ ಗಡಿಯಾರಗಳಿದ್ದವು. 2017ರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಇವನ್ನು ನಾಲ್ಕು, ಆರು, ಎಂಟು ಭಾಗಗಳ ವೃತ್ತಗಳಾಗಿ ಬಳಸಿತು. ನನ್ನ ಆಟ ನಡೆಯುವುದು ಬಸ್ರೂರಿನಂಥ ಹಳೆಯ ಬಂದರಿನಲ್ಲಿ, ಅಕ್ಕಿಯ ವ್ಯಾಪಾರದ ನಡುವೆ. ಒಂದು ಚೀಟಿಯ ತಲೆಯಲ್ಲಿ ‘ಸುಂಕದ ಒಡೆಯ ಕದ್ದ ಅಕ್ಕಿಯನ್ನು ಹಡಗಿಗೇರಿಸುತ್ತಾನೆ’ ಎಂದು ಬರೆದಿದ್ದೇನೆ. ಕೆಳಗೆ ಆರು ಭಾಗದ ವೃತ್ತ. ಎರಡು ತುಂಬಿದರೆ ರಾತ್ರಿ ಕಾವಲು ಹೆಚ್ಚುತ್ತದೆ, ನಾಲ್ಕಕ್ಕೆ ಸಾಕ್ಷಿಯೊಬ್ಬ ಕಾಣೆಯಾಗುತ್ತಾನೆ, ಆರಕ್ಕೆ ಹಡಗು ಲಂಗರು ಎತ್ತುತ್ತದೆ. ಬೆನ್ನಿನಲ್ಲಿ ಮೂರೇ ಸಾಲು: ಒಡೆಯನಿಗೆ ಏನು ಬೇಕು, ಯಾರ ಭಯ, ಏನು ಗೊತ್ತು. ತಂಡ ಬೇರೆಲ್ಲೋ ಸುತ್ತಾಡಿದರೆ ಪೆನ್ಸಿಲಿನಿಂದ ಒಂದು ಭಾಗ ಕಪ್ಪಾಗುತ್ತದೆ. ಗುಮಾಸ್ತ ಸತ್ತರೂ ಒಡೆಯನ ಆಸೆ ಸಾಯುವುದಿಲ್ಲ. ಅವನು ಇನ್ನೊಬ್ಬನನ್ನು ಕಳುಹಿಸುತ್ತಾನೆ. ಆಟಗಾರರು ಎಲ್ಲಿಗೆ ಹೋದರೂ ಊರು ತನ್ನ ಕೆಲಸದಲ್ಲಿ ತೊಡಗಿರುತ್ತದೆ, ಹಾಗಾಗಿ ಅವರ ಪ್ರತಿ ಹೆಜ್ಜೆಗೂ ಬೆಲೆ ಬರುತ್ತದೆ.

ಉಳಿದವರ ಆಟ ಕೆಡಿಸಲೆಂದೇ ದಾರಿ ಬಿಡುವವನಿಗೆ ಮಾತ್ರ ಚೀಟಿ ಮದ್ದಲ್ಲ. ಅವನೊಡನೆ ಆಟ ನಿಲ್ಲಿಸಿ ಮಾತನಾಡಬೇಕು.

ನನಗೆ ತಯಾರಿಗೆ ಸಿಗುವುದು ಶನಿವಾರ ರಾತ್ರಿ ಊಟವಾದ ಮೇಲಿನ ಹೊತ್ತು ಮಾತ್ರ. ನಾಲ್ಕೈದು ಚೀಟಿಗೆ ಅದು ಧಾರಾಳ. ಖರ್ಚು ರಟ್ಟಿನ ಹಾಳೆಗಳದ್ದು ಅಷ್ಟೇ: ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಪುಸ್ತಕ ಈಗಾಗಲೇ ಮನೆಯಲ್ಲಿದ್ದರೆ ನಕ್ಷೆಗಳನ್ನು ಇಟ್ಟುಕೊಳ್ಳಿ, ಪಾತ್ರಗಳನ್ನು ಚೀಟಿಗೆ ಇಳಿಸಿಕೊಳ್ಳಿ. ಹೊಸ ತಂಡವಾದರೆ ನಾಲ್ಕು ಭಾಗದ ವೃತ್ತದಿಂದ ಶುರುಮಾಡಿ. ಅದು ಒಂದೇ ಸಂಜೆಯಲ್ಲಿ ತುಂಬುವುದರಿಂದ ಫಲವನ್ನು ಎಲ್ಲರೂ ಕಣ್ಣಾರೆ ಕಾಣಬಹುದು.