ಮೊದಲ ಕಿಟ್‌ಗೇ ಮೂರು ಕಂಬದ ಹಡಗು ಬೇಡ

ಮರದ ಪುಟ್ಟ ಮಾದರಿ ಹಡಗು ಕಟ್ಟುವ ಕಿಟ್ ತರಿಸಬೇಕು, ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. ಡಬ್ಬಿಯ ಮೇಲೆ ಮೂರು ಕಂಬ, ಲೆಕ್ಕವಿಲ್ಲದಷ್ಟು ಹಾಯಿ, ಸಾಲಾಗಿ ತೋಪು ಇದ್ದರೆ ಮುಟ್ಟಬೇಡಿ. ದೋಣಿಯಿಂದ ಶುರು ಮಾಡಿ.

ನಾನಿರುವುದು ಧಾರವಾಡದಲ್ಲಿ. ಕೆಲವು ವರ್ಷದಿಂದ ಈ ಹುಚ್ಚು ಹತ್ತಿದೆ. ಬಳಸಿದ್ದು ಮುಖ್ಯವಾಗಿ ಅಮೆರಿಕದ ಮಾಡೆಲ್ ಶಿಪ್‌ವೇಸ್‌ನವರು ಹೊಸಬರಿಗಂತಲೇ ಮಾಡಿದ ಮೂರು ದೋಣಿಗಳ ಸರಣಿ: ಮೊದಲು ಲೋವೆಲ್ ಡೋರಿ, ಆಮೇಲೆ ಮೊಂಡು ಮೂತಿಯ ಪುಟ್ಟ ದೋಣಿ ನಾರ್ವೆಯ ಪ್ರಾಮ್, ಕೊನೆಗೆ ಲಾಬ್‌ಸ್ಟರ್ ಹಿಡಿಯುವ ಹಾಯಿದೋಣಿ ಮಸ್ಕಾಂಗಸ್ ಬೇ ಲಾಬ್‌ಸ್ಟರ್ ಸ್ಮ್ಯಾಕ್. ಇದೇ ಕ್ರಮದಲ್ಲಿ ಮಾಡಬೇಕು. ಡೋರಿಯಲ್ಲಿ ಕೈ ಪಳಗದೆ ಸ್ಮ್ಯಾಕ್ ಹಿಡಿದರೆ ತಲೆ ಕೆಡುತ್ತದೆ.

ಡೋರಿ ಅಂದರೆ ಚಪ್ಪಟೆ ತಳದ, ಹುಟ್ಟು ಹಾಕಿ ನಡೆಸುವ ಮೀನುದೋಣಿ. ನ್ಯೂಫೌಂಡ್‌ಲ್ಯಾಂಡ್ ಹತ್ತಿರದ ಗ್ರ್ಯಾಂಡ್ ಬ್ಯಾಂಕ್ಸ್‌ಗೆ ಕಾಡ್ ಮೀನು ಹಿಡಿಯಲು ಹೋಗುತ್ತಿದ್ದ ಸ್ಕೂನರ್ ಎಂಬ ಹಾಯಿಹಡಗುಗಳು ಇವನ್ನು ಡೆಕ್ ಮೇಲೆ ಪೇರಿಸಿಕೊಂಡು ಹೋಗುತ್ತಿದ್ದವು. ಕೂರುವ ಹಲಗೆ ತೆಗೆದರೆ ಒಂದರೊಳಗೊಂದು ಕೂರುತ್ತದೆ, ಅದಕ್ಕೇ ಅದರ ಪಕ್ಕದ ಹಲಗೆ ಅಷ್ಟು ಹೊರಗೆ ವಾಲಿರುವುದು. 1921ರಲ್ಲಿ ನೀರಿಗಿಳಿದ, ಕೆನಡಾದ 10 ಸೆಂಟ್ ನಾಣ್ಯದ ಮೇಲೆ ಇರುವ ಬ್ಲೂನೋಸ್ ಇಂಥದ್ದೇ ಒಂದು ಸ್ಕೂನರ್. ಡೋರಿಯ ಹೆಸರಲ್ಲಿರುವ ಲೋವೆಲ್ ಅವರ ದೋಣಿ ಕಟ್ಟುವ ಕಾರ್ಖಾನೆ ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ 1793ರಿಂದ ಇದೆ. ಕಿಟ್ 1:24 ಅಳತೆಯದು, ಅಂದರೆ ನಿಜದ ಒಂದು ಅಡಿಗೆ ಇಲ್ಲಿ ಅರ್ಧ ಇಂಚು. ಕಪಾಟಿನ ಒಂದು ಮೂಲೆ ಸಾಕು.

ಹಲಗೆಗಳೆಲ್ಲ ಬಾಸ್‌ವುಡ್, ಲೇಸರ್‌ನಿಂದ ಕೊರೆದದ್ದು. ಮೆತ್ತನೆ ಮರ, ಎಳೆ ಕಾಣುವುದೇ ಇಲ್ಲ, ಚಾಕು ಹಾಕಿದರೆ ಹಾಗೇ ಇಳಿಯುತ್ತದೆ. ನಿಜವಾದ ಕೆಲಸ ಇರುವುದು ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದು ಕೂರುವ ಕಡೆ. ಕೆಳಗಿನ ಹಲಗೆಯ ಮೇಲಂಚನ್ನು ಓರೆಯಾಗಿ ಉಜ್ಜಬೇಕು. ಆ ಓರೆ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಮೂತಿಯ ಹತ್ತಿರ ಬಂದಂತೆ ಎರಡೂ ಹಲಗೆ ಸಪಾಟಾಗಿ ಕೂಡುವ ಹಾಗೆ ಸವೆಸಬೇಕು. ಇದು ಅವಸರದ ಕೆಲಸ ಅಲ್ಲ. ನಾಲ್ಕು ಸಲ ಉಜ್ಜು, ಒಮ್ಮೆ ಹಿಡಿದು ನೋಡು, ಮತ್ತೆ ಉಜ್ಜು. ಬಗ್ಗಿಸಲು ಹಲಗೆಯನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಬಿಸಿ ಇಸ್ತ್ರಿಪೆಟ್ಟಿಗೆಯ ಅಂಚಿಗೆ ನಿಧಾನಕ್ಕೆ ಒತ್ತಿದರೆ ಸಾಕು. ಮೇದಾರರು ಬಿದಿರಿನ ಸೀಳು ಬಗ್ಗಿಸುವ ಹಾಗೆ, ಹಟ ಮಾಡದೆ.

ಉಪಕರಣಕ್ಕೆ ದುಡ್ಡು ಸುರಿಯಬೇಡಿ. ಆನ್‌ಲೈನ್‌ನಲ್ಲಿ ಮಾಡೆಲ್ ಕಟ್ಟುವವರಿಗೆ ಅಂತ ಮಾರುವ ಸೆಟ್‌ಗೆ ಜಾಸ್ತಿ ಬೆಲೆ, ಅಷ್ಟೇ. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ, ಪತ್ತಾರರ ಸಾಮಾನು ಮಾರುವ ಅಂಗಡಿ ಹುಡುಕಿ. ಸಣ್ಣ ಅರ, ಚಿಮಟ, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ ಎಲ್ಲ ಅಲ್ಲೇ ಇರುತ್ತವೆ. ಅವು ದಿನಾ ಬಂಗಾರದ ಕೆಲಸಕ್ಕೆ ಬಾಳುವ ಸಾಮಾನು, ನಮ್ಮ ಬಾಸ್‌ವುಡ್ ಯಾವ ಲೆಕ್ಕ? ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ದುಡ್ಡು ಹಾಕುವುದಿದ್ದರೆ ಒಳ್ಳೇ ಸ್ಯಾಂಡ್‌ಪೇಪರ್‌ಗೆ ಹಾಕಿ, 120, 220, 320 ನಂಬರಿನವು ಮೂರೂ ಇರಲಿ.

ಅಂಟಿಗೆ ಫೆವಿಕಾಲ್. ಫೆವಿಕ್ವಿಕ್ ಮಾಡುವುದು ಒಂದು ಕ್ಷಣದ ಉಪಕಾರ. ಅದು ಮರಕ್ಕೆ ಇಳಿದ ಕಡೆ ಆಮೇಲೆ ಬಣ್ಣದ ಪಾಲಿಶ್ ಹಿಡಿಯುವುದಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತದೆ. ಫೆವಿಕಾಲ್ ಹೊರಗೆ ಬಂದರೂ ಅದೇ ಗತಿ, ಆದರೆ ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿದರೆ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಮಾತ್ರ ಅದು ಒಣಗಲು ಸತಾಯಿಸುತ್ತದೆ. ರಾತ್ರಿ ಅಂಟಿಸಿ ಮಲಗಿಬಿಡಿ.

ಹಾಯಿ ಹಗ್ಗಕ್ಕೆ ಹತ್ತಿ ದಾರ ಬೇಡ. ಆಷಾಢದಲ್ಲಿ ಒಂದು ಬಿಗಿ, ಮಾರ್ಚ್‌ನಲ್ಲಿ ಇನ್ನೊಂದು. ದರ್ಜಿ ಅಂಗಡಿಯ ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳಿ, ನೂಲು ಕೆದರುವುದಿಲ್ಲ.

ಇನ್ನು ದೂರು. ಸರಣಿ ಮುಗಿದ ಮೇಲೆ ಯುರೋಪಿನ ಒಂದು ಕಂಪನಿಯ ಎರಡು ಕಂಬದ ಹಡಗು ತರಿಸಿದೆ, ಹೆಸರು ಬೇಡ. ವಾಲ್ನಟ್ ಪಟ್ಟಿಗಳ ದಪ್ಪ ಒಂದರದ್ದು ಒಂದಕ್ಕಿಲ್ಲ, ಬಗ್ಗಿಸಹೋದರೆ ಸೀಳು ಏಳುತ್ತದೆ. ಸೂಚನೆ ಅಂತ ಕೊಟ್ಟಿದ್ದು ನಾಲ್ಕು ಸಾಲು ಮತ್ತು ಒಂದಷ್ಟು ಕಪ್ಪು-ಬಿಳುಪು ಫೋಟೋ, ಅದರಲ್ಲೂ ಬೇಕಾದ ಕೋನದ್ದು ಇಲ್ಲ. ಮಳೆಗಾಲದಲ್ಲಿ ಅಂಟಿಸಿದ ಪಟ್ಟಿಗಳ ನಡುವೆ ಬೇಸಿಗೆಗೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ಅದು ಮರದ ಗುಣ, ಕಂಪನಿಯ ತಪ್ಪಲ್ಲ ಬಿಡಿ. ಮೊದಲ ಕಿಟ್ ಇದೇ ಆಗಿದ್ದರೆ ಇಷ್ಟೊತ್ತಿಗೆ ಅಟ್ಟ ಸೇರಿರುತ್ತಿತ್ತು. ಕೊರಿಯರ್, ಕಸ್ಟಮ್ಸ್ ಸೇರಿ ಕಿಟ್‌ನ ಬೆಲೆಯನ್ನೇ ಮರೆಸುತ್ತವೆ, ಅದನ್ನೂ ಲೆಕ್ಕ ಹಾಕಿಯೇ ಆರ್ಡರ್ ಮಾಡಿ.

ಕಟ್ಟಿ ಮುಗಿಸಿದ್ದನ್ನು ಬಯಲಲ್ಲಿ ಇಡಬೇಡಿ. ನಮ್ಮ ಕೆಂಪು ಧೂಳು ದಾರದ ಸಂದಿಯಲ್ಲಿ ಕೂತರೆ ತೆಗೆಯಲಾಗದು, ಮೇಲೆ ಹಲ್ಲಿ ಕಾಟ ಬೇರೆ. ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಕೊಡುತ್ತಾರೆ. ನನಗೆ ಮಾಡಿಕೊಟ್ಟವರು ಡೋರಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸರ, ಇದು ನೀರಾಗ ತೇಲತೈತೇನ್ರಿ? ಉಣಕಲ್ ಕೆರ್‍ಯಾಗ ಬಿಟ್ಟ ನೋಡೂಣಲ್ಲ?" ಅಂದರು. ತೇಲಿಸುವ ಕಿಟ್ ಅಲ್ಲ ಇದು, ಮಕ್ಕಳಿಗೆ ಆಟಕ್ಕೆ ಅಂತ ತಗೊಳ್ಳುವವರಿಗೂ ಅದೇ ಮಾತು.

ಮೂರರ ಸರಣಿಗೆ ಐದಕ್ಕೆ ನಾಲ್ಕೂವರೆ. ಆ ಇನ್ನೊಂದಕ್ಕೆ ಎರಡು, ಅದೂ ಡಬ್ಬಿಯ ಮೇಲಿನ ಚಿತ್ರಕ್ಕೆ.