ಅಪ್ಪನ ಪದ್ಮಿನಿಗೆ ತ್ರೀ ಪಾಯಿಂಟ್ ಸೀಟ್ ಬೆಲ್ಟ್ ಹಾಕ್ಸಿದೆ

ನಮ್ಮನೇಲಿರೋದು 1985ರ ಪ್ರೀಮಿಯರ್ ಪದ್ಮಿನಿ, ಅಪ್ಪ ತಗೊಂಡಿದ್ದು. ನಮ್ಮಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯ ಆಗಿದ್ದೇ 1994ರಲ್ಲಿ, ಹಂಗಾಗಿ ಈ ಗಾಡೀಲಿ ಬೆಲ್ಟೇ ಇರ್ಲಿಲ್ಲ. ಕಾನೂನು ಕೇಳಲ್ಲ ಅಂತ ಸುಮ್ನಿದ್ದೆ, ಆದ್ರೆ ಮಗಳು ಮುಂದೆ ಕೂರೋಷ್ಟು ದೊಡ್ಡೋಳಾದ್ಮೇಲೆ ಮೈಸೂರ್ ರೋಡಲ್ಲಿ ಒಂದ್ಸಲ ಸಡನ್ ಬ್ರೇಕ್ ಹಾಕಿದಾಗ ಅವಳು ಎರಡೂ ಕೈ ಡ್ಯಾಶ್‌ಬೋರ್ಡಿಗೆ ಊರಿ ನಿಂತಿದ್ದು ನೋಡಿ, ಸೊಂಟ ಭುಜ ಎರಡನ್ನೂ ಹಿಡಿಯೋ ತ್ರೀ ಪಾಯಿಂಟ್ ಬೆಲ್ಟ್ ಹಾಕಿಸ್ಬೇಕು ಅಂತ ಅವತ್ತೇ ಡಿಸೈಡ್ ಮಾಡ್ದೆ.

ಮೊದಲು ಹೋದ ಗ್ಯಾರೇಜ್‌ನೋರು ಅರ್ಧ ದಿನದಲ್ಲಿ ಹಾಕಿ ಕೊಟ್ರು. ನೋಡೋಕೆ ಚೆನ್ನಾಗೇ ಇತ್ತು, ಆದ್ರೆ ಬೆಲ್ಟ್ ಎಳೆದ್ರೆ ಒಂದಿಂಚೂ ಬರ್ತಿರ್ಲಿಲ್ಲ. ಕಾರ್ಪೆಟ್ ಎತ್ತಿ ನೋಡಿದ್ರೆ ತೆಳ್ಳಗಿನ ತಗಡಿಗೆ ತೂತು ಹೊಡೆದು ಎಂಟಾಣೆ ಅಗಲದ ವಾಷರ್ ಹಾಕಿ ಬೋಲ್ಟ್ ಬಿಗಿದಿದ್ರು. ಗುದ್ದಿದ್ರೆ ಆ ಬೋಲ್ಟ್ ತಗಡು ಹರ್ಕೊಂಡು ಬೆಲ್ಟ್ ಸಮೇತ ಈಚೆ ಬರುತ್ತೆ ಅಷ್ಟೇ. ಬೆಲ್ಟ್ ಹಾಕಿದೀನಿ ಅನ್ನೋ ಧೈರ್ಯದಲ್ಲಿ ಮಗೂನ ಕೂರಿಸ್ತಿದ್ನಲ್ಲ ಅಂತ ನಿಜವಾಗ್ಲೂ ಹೊಟ್ಟೆ ಉರೀತು.

ಆಮೇಲೆ ಹಳೇ ಫಿಯಟ್‌ಗಳನ್ನೇ (ಪದ್ಮಿನೀನೂ ಫಿಯಟ್ ಡಿಸೈನೇ) ಮಾಡೋ ಒಬ್ಬ ಟಿಂಕರ್, ಅಂದ್ರೆ ಬಾಡಿ ತಗಡು ಕೆಲಸದೋರ ಹತ್ರ ಹೋದೆ, ಈ ರಿವ್ಯೂ ಅವರ ಕೆಲಸದ ಬಗ್ಗೆ. ಬೆಲ್ಟ್ ಡಬ್ಬಿ ಕೈಗೆ ತಗೊಳ್ಳೋಕೆ ಮುಂಚೆ ಸ್ಕ್ರೂಡ್ರೈವರ್ ಹಿಡ್ಕೊಂಡು ಫ್ಲೋರ್ ಪೂರ್ತಿ ಕುಟ್ಕೊಂಡು ಬಂದ್ರು, ಎಡಗಡೆ ಬಾಗಿಲ ಕೆಳಗೆ ಅದು ಸೀದಾ ಒಳಗೆ ಹೋಯ್ತು, ತುಕ್ಕು. ಅಷ್ಟನ್ನೂ ಕಟ್ ಮಾಡಿ ಹೊಸ ಶೀಟ್ ವೆಲ್ಡ್ ಮಾಡಿ, ಅಂಗೈ ಅಗಲದ 3 ಎಂಎಂ ಪ್ಲೇಟ್‌ಗಳಿಗೆ ನಟ್ ವೆಲ್ಡ್ ಮಾಡಿ, ಬೆಲ್ಟ್ ಬಿಗಿಯೋ ಕೆಳಗಿನ ಪಾಯಿಂಟ್‌ಗಳಿಗೂ ಎರಡು ಬಾಗಿಲ ಮಧ್ಯದ ನಡುಕಂಬಕ್ಕೂ ಒಳಗಡೆಯಿಂದ ಕೂರಿಸಿದ್ರು. ಬೋಲ್ಟ್ ಎಲ್ಲಾ ಬೆಲ್ಟಿಗೆ ಅಂತ್ಲೇ ಬರೋ 7/16 ಇಂಚಿನ ಹೈ ಟೆನ್ಸೈಲ್, ಅಂದ್ರೆ ಜಗ್ಗಿದ್ರೆ ಸುಲಭಕ್ಕೆ ಮುರೀದ ಗಟ್ಟಿ ಉಕ್ಕಿಂದು. ಮೇಲಿನ ಪಾಯಿಂಟ್ ಗುರುತು ಹಾಕೋವಾಗ ನನ್ನನ್ನೂ ಹೆಂಡ್ತೀನೂ ಕೂರಿಸಿ ನೋಡಿದ್ರು. ಅದು ಭುಜಕ್ಕಿಂತ ಕೆಳಗಿದ್ರೆ ಗುದ್ದಿದಾಗ ಬೆಲ್ಟ್ ಭುಜಾನ ಕೆಳಕ್ಕೆ ಜಗ್ಗಿ ಬೆನ್ನುಮೂಳೆ ಮೇಲೆ ಭಾರ ಬೀಳುತ್ತಂತೆ.

ಬೆಲ್ಟ್ ಯಾಕೆ ಲಾಕ್ ಆಗಿತ್ತು ಅಂತಾನೂ ಬಿಚ್ಚಿ ತೋರಿಸಿದ್ರು. ಬೆಲ್ಟ್ ಸುತ್ಕೊಳ್ಳೋ ರೀಲ್ ಒಳಗೆ ಒಂದು ಸಣ್ಣ ಉಕ್ಕಿನ ಗುಂಡು, ಪುಟ್ಟ ಬಟ್ಟಲಲ್ಲಿ ಕೂತಿರುತ್ತೆ, ಬ್ರೇಕ್ ಹಾಕಿದಾಗ ಅದು ಉರುಳಿ ಮೇಲಿನ ಕೊಕ್ಕೇನ ಎತ್ತುತ್ತೆ, ಕೊಕ್ಕೆ ಹಲ್ಲಿಗೆ ಸಿಕ್ಕಿ ರೀಲ್ ನಿಲ್ಲುತ್ತೆ. ಮೊದಲನೆಯವ್ರು ರೀಲನ್ನ ವಾರೆಯಾಗಿ ಕೂರಿಸಿದ್ರಿಂದ ಗುಂಡು ಯಾವಾಗ್ಲೂ ಉರುಳಿದ ಸ್ಥಿತೀಲೇ ಇತ್ತು. ಇವರು ಬ್ರಾಕೆಟ್ ಬಗ್ಗಿಸಿ ನೆಟ್ಟಗೆ ಮಾಡಿದ್ರು, ಈಗ ನಿಧಾನಕ್ಕೆ ಎಳೆದ್ರೆ ಬೆಣ್ಣೆ ಥರ ಬರುತ್ತೆ, ಜಗ್ಗಿದ್ರೆ ಟಕ್ ಅಂತ ನಿಲ್ಲುತ್ತೆ.

ಕಂಪ್ಲೇಂಟ್ ಇಲ್ಲ ಅಂತಲ್ಲ. ಎರಡು ದಿನ ಅಂದೋರು ಒಂಬತ್ತು ದಿನ ಮಾಡಿದ್ರು. ಮುಂದಿಂದು ಉದ್ದಕ್ಕೆ ಒಂದೇ ಬೆಂಚ್ ಸೀಟ್ ಆಗಿರೋದ್ರಿಂದ ಸೀಟ್ ಮುಂದಕ್ಕೆ ತಳ್ಳಿದ್ರೆ ಬಕಲ್ ಸೀಟ್ ಸಂದೀಲಿ ಮುಳುಗೋಗುತ್ತೆ, ಹೆಂಡ್ತಿ ಓಡಿಸೋವಾಗ ಪ್ರತೀ ಸಲ ಕೈ ಹಾಕಿ ಹುಡುಕ್ಬೇಕು, ಉದ್ದದ ಬಕಲ್ ತರಿಸ್ತೀನಿ ಅಂದಿದಾರೆ. ಹೆಡ್‌ರೆಸ್ಟ್ ಇಲ್ಲದ ಗಿಡ್ಡ ಸೀಟು, ಸ್ಟೀರಿಂಗ್ ಕಂಬ ಎಲ್ಲಾ ಹಳೇದೇ ಇರೋದ್ರಿಂದ ಇದು ಹೊಸ ಕಾರಿನಷ್ಟು ಸೇಫ್ ಅಂತ ನಾನು ಹೇಳಲ್ಲ, ಈಗ್ಲೂ 60 ದಾಟಿಸಲ್ಲ.

ಹಾಕಿಸೋರು ದಯವಿಟ್ಟು ಕಾರ್ಪೆಟ್ ಮುಚ್ಚೋಕೆ ಮುಂಚೆ ಹೋಗಿ ಪ್ಲೇಟ್ ಕಣ್ಣಾರೆ ನೋಡಿ, ಫೋಟೋ ತಗೊಳ್ಳಿ. ಹಿಂದಿನ ಸೀಟಿಂದು ದೀಪಾವಳಿ ಆದ್ಮೇಲೆ, ಇವರ ಹತ್ರಾನೇ.