ಡೆಕ್ ಹಾಕಿಸುವ ಮೊದಲು ಹಲಗೆಯ ತುದಿ ನೋಡಿ, ನಾನು ನೋಡಲಿಲ್ಲ

ಕೆಳಗಿನ ಮಲಗುವ ಕೋಣೆಯಲ್ಲಿ ಈಗ ಎರಡು ಬಕೆಟ್ ಮತ್ತು ಒಂದು ಹಳೆಯ ಇಡ್ಲಿ ಪಾತ್ರೆ ಇವೆ. ಟಪ್ ಟಪ್ ಅಂತ ನೀರು ಬೀಳುತ್ತಾ ಇದೆ. ಮಂಚವನ್ನು ಹಾಲಿಗೆ ಎಳೆದು ತಂದು ಹನ್ನೆರಡು ದಿನ ಆಯಿತು. ಮೇಲೆ, ಮೊದಲ ಮಹಡಿಯ ತೆರೆದ ಸಿಟೌಟಿನಲ್ಲಿ, ನಾನು 98,400 ರೂಪಾಯಿ ಕೊಟ್ಟು ಹಾಕಿಸಿದ ಡೆಕ್, ಅಂದರೆ ಹಲಗೆ ಜೋಡಿಸಿದ ನೆಲ, ಇದೆ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಇಟ್ಟರೆ ಜಾರುತ್ತದೆ, ಇಲ್ಲದಿದ್ದರೆ ಮುರಿಯುತ್ತದೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ನಾಚಿಕೆಯೂ ಆಗುತ್ತಿದೆ. ಬ್ಯಾಂಕಿನಲ್ಲಿ 34 ವರ್ಷ ಸಾಲದ ಕಾಗದ ಓದಿದವನು ನಾನು. "ಸಹಿ ಹಾಕುವ ಮೊದಲು ಓದಿ ಮಾರಾಯ್ರೆ" ಅಂತ ಎಷ್ಟು ಜನರಿಗೆ ಬೈದಿದ್ದೇನೋ ಲೆಕ್ಕವಿಲ್ಲ. ಈ ಕೊಟೇಶನ್ ಮಾತ್ರ ಓದಲಿಲ್ಲ. ಒಂದೇ ಪುಟ ಇತ್ತು. ಓದಲಿಲ್ಲ.

ಮನೆ ಮಂಗಳೂರಿನಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮಗನ ಮನೆಯ ಹಿಂದೆ ಡೆಕ್ ಇದೆ. ಹೋದ ವರ್ಷ ಅಲ್ಲಿಗೆ ಹೋದಾಗ ದಿನಾ ಸಂಜೆ ಅಲ್ಲೇ ಕೂತು ಚಾ ಕುಡಿದೆವು. ವಾಪಸು ಬಂದ ಮೇಲೆ ನಮ್ಮ ಸಿಟೌಟಿನ ಸಿಮೆಂಟು ನೆಲ ಬೋಳುಬೋಳಾಗಿ ಕಂಡಿತು. 20 ಅಡಿ ಉದ್ದ, 12 ಅಡಿ ಅಗಲ. ಡೆಕ್ ಹಾಕಿಸುವ ಹುಚ್ಚು ಹಿಡಿದದ್ದು ಹಾಗೆ.

ಮೊದಲು ಕೇಳಿದ್ದು ನಮ್ಮ ಆಚಾರ್ರನ್ನು. ಈ ಮನೆಯ ಬಾಗಿಲು, ದಾರಂದ ಎಲ್ಲ ಅವರದೇ ಕೆಲಸ. ಅವರು ಅಳತೆ ತೆಗೆದರು. ಒಂದು ಇಂಚು ದಪ್ಪದ ಹಲಗೆ, 20 ಘನ ಅಡಿ ಮರ, ಸವಕಳಿ ಸೇರಿ 24 ಬೇಕು ಅಂದರು. ಕಿರಾಲ್‌ಬೋಗಿ ಸಿಕ್ಕಿದರೆ ಅದು, ಇಲ್ಲದಿದ್ದರೆ ಮತ್ತಿ. ಅಡಿಭಾಗಕ್ಕೆ ಗೇರೆಣ್ಣೆ, ಮೇಲ್ಭಾಗಕ್ಕೆ ಅಗಸೆ ಎಣ್ಣೆ. "ಪ್ರತಿ ವರ್ಷ ಮಳೆಗೆ ಮೊದಲು ಒಂದು ಕೈ ಎಣ್ಣೆ ಕೊಡ್ಬೇಕು ಸಾರ್, ಅಷ್ಟು ಮಾಡಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಅಂದರು.

ಪ್ರತಿ ವರ್ಷ ಎಣ್ಣೆ ಅಂತ ಕೇಳಿದಾಗಲೇ ನನ್ನ ಮುಖ ಸಣ್ಣದಾಯಿತು. ಸುಮ್ನೆ ಯಾಕೆ ಕೆಲಸ ತಲೆಗೆ ಕಟ್ಟಿಕೊಳ್ಳುವುದು ಅನ್ನಿಸಿತು.

ಆಗ ಸಿಕ್ಕಿದವನೇ ಈ ಮನುಷ್ಯ. ಡಬ್ಲ್ಯೂಪಿಸಿ ಡೆಕ್ಕಿಂಗ್, ಅಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ ಕಲಸಿ ಮಾಡಿದ ಹಲಗೆಯ ಡೆಕ್, ಮಾಡಿಸುತ್ತೇನೆ ಅಂತ ಬಂದ. ಹೆಸರು ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ಒಳ್ಳೆಯ ಮಾತುಗಾರ. "ಮರ ಎಲ್ಲ ಹಳೇ ಕಾಲ ಸರ್. ಗೆದ್ದಲು ಹಿಡಿಯುತ್ತದೆ, ಕುಂಬಾಗ್ತದೆ. ಇದು ಕಂಪೋಸಿಟ್. ಹಾಕಿ ಮರೆತುಬಿಡಿ." ಹಾಕಿ ಮರೆತುಬಿಡಿ. ಈ ಮಾತು ಈಗ ನಿದ್ದೆಯಲ್ಲೂ ಕೇಳಿಸುತ್ತದೆ.

ಚೀಲದಿಂದ ಒಂದು ಗೇಣುದ್ದದ ತುಂಡು ತೆಗೆದು ನನ್ನ ಕೈಗೆ ಕೊಟ್ಟ. ಭಾರ ಇತ್ತು. ಒಳಗೆ ಪೂರ್ತಿ ಗಟ್ಟಿ. ಸುತ್ತ ನಾಲ್ಕೂ ಬದಿಗೆ ತೆಳುವಾದ ಬೇರೆ ಬಣ್ಣದ ಪೊರೆ, ಮೇಲೆ ಮರದ ಗೆರೆಗಳ ಅಚ್ಚು. ನನ್ನ ಹೆಂಡತಿ ಅದನ್ನು ನೀರಿನಲ್ಲಿ ಮುಳುಗಿಸಿ ಕೂಡ ನೋಡಿದಳು. ಏನೂ ಆಗಲಿಲ್ಲ. ಚದರ ಅಡಿಗೆ 410 ರೂಪಾಯಿ, ಹಲಗೆಯ ಕೆಳಗಿನ ಕಬ್ಬಿಣದ ಪೈಪಿನ ಫ್ರೇಮ್ ಸೇರಿ. ಜಿಎಸ್‌ಟಿ ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್ ಅಂದ. ಅಂದರೆ ಇನ್ನೂ 17,712. ನಾನೇ, ಈ ಬಾಯಿಯಿಂದಲೇ, ಬಿಲ್ ಬೇಡ ಅಂದೆ. ಅಡ್ವಾನ್ಸ್ 50,000 ಫೋನಿನಲ್ಲೇ ಕಳಿಸಿದೆ.

ಹೋಗುವಾಗ ಅವನು ಮೆಟ್ಟಿಲ ಹತ್ತಿರ ನಿಂತು, "ಸರ್, ಆ ಸ್ಯಾಂಪಲ್ ತುಂಡು ಕೊಡಿ, ಇನ್ನೊಂದು ಪಾರ್ಟಿಗೆ ತೋರಿಸ್ಲಿಕ್ಕೆ ಉಂಟು" ಅಂದ. ನಾನು ಟವೆಲಿನಿಂದ ಒರೆಸಿ ಕೊಟ್ಟೆ. ಒರೆಸಿ ಕೊಟ್ಟೆ ನೋಡಿ! ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು.

ಫೆಬ್ರವರಿಯಲ್ಲಿ ಹಲಗೆ ಬಂತು. ಲಾರಿಯಿಂದ ಇಳಿಸುವಾಗ ಒಬ್ಬ ಹುಡುಗ ಎರಡು ಹಲಗೆ ಒಟ್ಟಿಗೆ ಹೆಗಲ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಇಷ್ಟು ಹಗುರವೇ ಅಂತ ಒಮ್ಮೆ ಅನ್ನಿಸಿತು. ತುದಿ ನೋಡಿದರೆ ಉದ್ದಕ್ಕೂ ಟೊಳ್ಳು, ನಾಲ್ಕು ತೂತು. ಪೊರೆ ಇದೆಯಾ ಇಲ್ಲವಾ ಅಂತ ನೋಡಬೇಕೆಂದೇ ತಲೆಗೆ ಹೊಳೆಯಲಿಲ್ಲ. ತೂತಿನ ಬಗ್ಗೆ ಕೇಳಿದೆ. ಅವನು ಒಂದು ಕ್ಷಣವೂ ತಡೆಯಲಿಲ್ಲ.

"ಸರ್, ಮಂಗಳೂರು ಸೆಕೆಗೆ ಹಾಲೋನೇ ಬೆಸ್ಟ್. ಒಳಗೆ ಗಾಳಿ ಆಡ್ತದೆ. ಬಿಸಿ ಆಗುವುದಿಲ್ಲ."

ನಾನು ತಲೆಯಾಡಿಸಿದೆ. ನಂಬಿದೆ. ಅಷ್ಟೇ ಅಲ್ಲ, ಆ ಸಂಜೆ ಪಕ್ಕದ ಮನೆಯವರು ಬಂದಾಗ ಅವರಿಗೆ ನಾನೇ ವಿವರಿಸಿದೆ, "ಒಳಗೆ ಗಾಳಿ ಆಡುತ್ತದೆ, ಅದಕ್ಕೇ ತೂತು" ಅಂತ. ಮೋಸ ಹೋದದ್ದಕ್ಕಿಂತ ಇದು ಜಾಸ್ತಿ ಚುಚ್ಚುತ್ತದೆ. ಅವನ ಸುಳ್ಳನ್ನು ನಾನೇ ಹಂಚಿದೆ.

ಏಪ್ರಿಲ್ ಬಂತು. ಬಣ್ಣ ಕಪ್ಪು ಬೂದಿ, ನಾನೇ ಆರಿಸಿದ್ದು. ಮಧ್ಯಾಹ್ನ ಬಟ್ಟೆ ತೆಗೆಯಲು ಹೋದ ಹೆಂಡತಿ ಕುಣಿಯುತ್ತಾ ವಾಪಸು ಬಂದಳು, ಅಂಗಾಲು ಸುಟ್ಟು. ಗಾಳಿ ಆಡುತ್ತಿತ್ತಂತೆ! ಮೇ ತಿಂಗಳಲ್ಲಿ ನಡುವಿನ ಎರಡು ಸಾಲು ಹಲಗೆ ಒಂಟೆಯ ಬೆನ್ನಿನ ಹಾಗೆ ಮೇಲೆದ್ದಿತು. ಇಂಥ ಹಲಗೆ ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ತುದಿಗೂ ತುದಿಗೂ ನಡುವೆ ಐದಾರು ಮಿಲಿಮೀಟರ್ ಜಾಗ ಬಿಡಬೇಕು. ಅವರು ಚಂದ ಕಾಣಲಿ ಅಂತ ಒತ್ತಿ ಒತ್ತಿ ಕೂರಿಸಿದ್ದರು. ಚಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಫೋನ್ ಮಾಡಿದೆ. "ಬಿಸಿಲು ಸರ್. ಮಳೆ ಬಂದ್ರೆ ಸರಿಯಾಗ್ತದೆ."

ಮಳೆ ಬಂತು. ಟೊಳ್ಳಿನ ತುದಿಗೆ ಮುಚ್ಚಳ ಹಾಕಿರಲಿಲ್ಲ, ಒಳಗೆಲ್ಲ ನೀರು ತುಂಬಿತು. ಹಲಗೆ ಊದಿತು. ಮೇಲೆಲ್ಲ ಕಪ್ಪು ಬೂಷ್ಟಿನ ಚುಕ್ಕೆ, ಅದರ ಮೇಲೆ ಪಾಚಿ. ತೂತುಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಮರಿ. ಡೆಂಗಿ ಅಂತ ಊರೆಲ್ಲ ಹೆದರುವ ಹೊತ್ತಿನಲ್ಲಿ ನಾವು ಮನೆಯ ಮೇಲೆಯೇ ಸೊಳ್ಳೆ ಸಾಕುತ್ತಿದ್ದೆವು. ಮತ್ತೆ ಫೋನ್.

"ಮಳೆ ಸರ್. ಬಿಸಿಲು ಬಂದ್ರೆ ಸರಿಯಾಗ್ತದೆ."

ತಮಾಷೆ ಅಲ್ಲ, ಅಕ್ಷರಶಃ ಹೀಗೇ ಹೇಳಿದ್ದು. ಮೇ ತಿಂಗಳ ಮಾತೂ ಜೂನ್ ತಿಂಗಳ ಮಾತೂ ವಾಟ್ಸಾಪಿನಲ್ಲಿ ಅವನದೇ ದನಿಯಲ್ಲಿ ಇವೆ, ಬೇಕಾದರೆ ಕೇಳಿಸುತ್ತೇನೆ.

ಆಮೇಲೆ ಭಾವ ಬಂದರು. ಹೇಗಿದೆ ಡೆಕ್ಕು ಅಂತ ನೋಡಲು ಹೋಗಿ ಕಾಲಿಟ್ಟರು, ಟಪ್ ಅಂತ ಒಂದು ಹಲಗೆ ಸೀಳಿತು. ಪುಣ್ಯಕ್ಕೆ ಕಾಲಿಗೆ ಏನೂ ಆಗಲಿಲ್ಲ. ಅಳತೆ ಟೇಪು ತಂದು ಕೆಳಗಿನ ಕಬ್ಬಿಣದ ಪೈಪಿನಿಂದ ಪೈಪಿಗೆ ಅಳೆದೆ. ಎರಡಡಿ, ಅಂದರೆ 600 ಮಿಲಿಮೀಟರಿಗೂ ಮೇಲೆ. ಹಲಗೆಯ ಕಟ್ಟಿನ ಜೊತೆ ಕಂಪನಿಯ ಒಂದು ಚೀಟಿ ಬಂದಿತ್ತು, ಪೇಂಟ್ ಡಬ್ಬದ ಕೆಳಗೆ ಬಿದ್ದಿತ್ತು. ಅದರಲ್ಲಿ ಜಾಸ್ತಿ ಎಂದರೆ 350 ಅಂತ ಚಿತ್ರ ಸಮೇತ ಬರೆದಿದೆ. ಪೈಪಿನ ಖರ್ಚಿನಲ್ಲಿ ಅರ್ಧದಷ್ಟು ಉಳಿಸಿದ್ದಾನೆ. ಇದ್ದ ಪೈಪಿಗೂ ರೆಡ್ ಆಕ್ಸೈಡ್ ಕೂಡ ಸರಿಯಾಗಿ ಬಳಿದಿಲ್ಲ, ಆಗಲೇ ತುಕ್ಕು.

ಇನ್ನು ಕೋಣೆಯ ಸೋರುವಿಕೆ. ಅದನ್ನು ಬರೆಯುವಾಗ ಕೈ ನಡುಗುತ್ತದೆ. ಪೈಪುಗಳನ್ನು ಸ್ಲ್ಯಾಬಿಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. 11 ಪೈಪು, ಒಂದೊಂದಕ್ಕೆ 5 ಬೋಲ್ಟು. ಮೂರು ವರ್ಷದ ಹಿಂದೆ ದುಡ್ಡು ಸುರಿದು ಮಾಡಿಸಿದ ವಾಟರ್‌ಪ್ರೂಫಿಂಗಿಗೆ 55 ತೂತು. ಸಾಲದ್ದಕ್ಕೆ ಪೈಪುಗಳು ನೀರು ಹರಿದು ಹೋಗುವ ದಿಕ್ಕಿಗೆ ಅಡ್ಡ. ಪ್ರತಿ ಪೈಪಿನ ಹಿಂದೆ ಒಂದೊಂದು ಸಣ್ಣ ಕೆರೆ. ಆ ಕೆರೆಯ ನೀರು ಈಗ ಇಡ್ಲಿ ಪಾತ್ರೆಗೆ ಬರುತ್ತಿದೆ. ಹಲಗೆ ಹಾಳಾದರೆ ಕಿತ್ತು ಬಿಸಾಡಬಹುದು, ಸ್ಲ್ಯಾಬನ್ನು ಏನು ಮಾಡುವುದು?

ಇದನ್ನು ಹೇಳಿದಾಗ ಬಂದ ಉತ್ತರ: "ಸ್ಲ್ಯಾಬು ನಮ್ಮ ಸ್ಕೋಪ್ ಅಲ್ಲ ಸರ್."

ಮಗನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅವನು ಮೊದಲು ಕೇಳಿದ್ದೇ, "ಅಪ್ಪ, ಇದಕ್ಕೆ ಕ್ಯಾಪ್ ಎಲ್ಲಿದೆ?" ನಾನು ತಲೆಗೆ ಹಾಕುವ ಟೋಪಿ ಅಂದುಕೊಂಡೆ. ಕ್ಯಾಪ್ ಅಂದರೆ ಆ ಪೊರೆ. ಮರದ ಹುಡಿ ಮತ್ತು ಪ್ಲಾಸ್ಟಿಕ್ ಕಲಸಿ ಅಚ್ಚಿನಿಂದ ಒತ್ತಿ ತೆಗೆಯುವುದು ಒಳಗಿನ ಹಲಗೆ. ಅದರ ಜೊತೆಯಲ್ಲೇ ಹೊರಗೆ ಬರಿ ಪ್ಲಾಸ್ಟಿಕ್ಕಿನ ಒಂದು ಚರ್ಮ ಹೊದಿಸುತ್ತಾರೆ. ನೀರು, ಕಲೆ, ಬೂಷ್ಟು ತಡೆಯುವುದು ಅದೇ ಚರ್ಮ. ಅಮೆರಿಕದಲ್ಲೂ ಹಳೆಯ ಕಂಪೋಸಿಟ್ ಹಲಗೆಗಳಿಗೆ ಇದೇ ಬೂಷ್ಟು, ಇದೇ ಊತದ ತೊಂದರೆ ಇತ್ತಂತೆ. 2010ರ ಸುಮಾರಿಗೆ ದೊಡ್ಡ ಕಂಪನಿಗಳು ಪೊರೆ ಇರುವುದಕ್ಕೆ ಬದಲಾದವು ಅಂದ. ನನ್ನ ಮನೆಯಲ್ಲಿರುವುದು ಅದಕ್ಕೂ ಹಿಂದಿನ ಕಾಲದ ಮಾಲು. ನನಗೆ ತೋರಿಸಿದ ತುಂಡಿನಲ್ಲಿ ಪೊರೆ ಇತ್ತು. ಗಟ್ಟಿ ಇತ್ತು. ಬಂದದ್ದರಲ್ಲಿ ಪೊರೆಯೂ ಇಲ್ಲ, ಗಟ್ಟಿಯೂ ಅಲ್ಲ. ಸೀಳಿದ ಹಲಗೆಯಿಂದ ಒಂದು ಒಣ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, 418 ಗ್ರಾಂ. ಒಂದು ವಾರ ಬಕೆಟ್ಟಿನಲ್ಲಿಟ್ಟು, ಒರೆಸಿ ತೂಗಿದರೆ 437.

ಅದನ್ನೂ ಫೋಟೊ ತೆಗೆದು ಕಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಮೂರನೆಯ ದಿನ ಉತ್ತರ ಬಂತು. "ಸರ್ ಅದೂ ಕಂಪೋಸಿಟ್ಟೇ, ಇದೂ ಕಂಪೋಸಿಟ್ಟೇ. ಕೊಟೇಶನ್ ನೋಡಿ." ನೋಡಿದೆ. "ಡಬ್ಲ್ಯೂಪಿಸಿ ಡೆಕ್ಕಿಂಗ್, 25 ಮಿ.ಮೀ." ಅಂತ ಅಷ್ಟೇ ಇದೆ. ಗಟ್ಟಿ ಅಂತಲೂ ಇಲ್ಲ, ಪೊರೆ ಅಂತಲೂ ಇಲ್ಲ. ವಾರಂಟಿ ಹತ್ತು ವರ್ಷ ಅಂತ ಇದೆ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬಣ್ಣ ಮಾಸುವುದು, ಬೂಷ್ಟು, ಜೋಡಣೆಯ ತಪ್ಪು ಬಿಟ್ಟು ಅಂತಲೂ ಇದೆ. ಮತ್ತೆ ಉಳಿದದ್ದು ಏನು? ಕಂಪನಿಯ ಡೀಲರಿಗೆ ಫೋನ್ ಮಾಡಿದೆ. "ಬಿಲ್ ನಂಬರ್ ಹೇಳಿ ಸರ್" ಅಂದರು. ಅವನಿಗೆ ಮತ್ತೆ ಫೋನ್ ಮಾಡಿ ಬಿಲ್ ಕೊಡು ಮಾರಾಯ, ಆ 17,712 ಈಗ ಕೊಡುತ್ತೇನೆ ಅಂದೆ.

"ನೀವೇ ಬಿಲ್ ಬೇಡ ಅಂದದ್ದು ಅಲ್ವಾ ಸರ್."

ನನ್ನಲ್ಲಿ ಉತ್ತರ ಇರಲಿಲ್ಲ.

ಆಚಾರ್ರನ್ನು ಕರೆಯಲು ಮುಖ ಇರಲಿಲ್ಲ, ಹೆಂಡತಿಯೇ ಕರೆಸಿದಳು. ಅವರು ಸೀಳಿದ ಹಲಗೆ ಎತ್ತಿ ನೋಡಿ, ಬೆರಳಿನಿಂದ ಉಜ್ಜಿ, "ಇದು ಮರದ ಹುಡಿ ಅಲ್ವಾ ಸಾರ್, ನೀರು ಕುಡಿಯದೆ ಇರ್ತದಾ?" ಅಂದರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಕಂಪೋಸಿಟ್ ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗನದ್ದು ಏಳು ವರ್ಷದಿಂದ ಚೆನ್ನಾಗಿಯೇ ಇದೆ. ಮರ ಹಾಕಿದರೂ ಈ ಮಳೆಗೆ ಪಾಚಿ ಬರುತ್ತದೆ, ಎಣ್ಣೆ ತಪ್ಪಿಸಿದರೆ ಬಿರುಕು ಬಿಡುತ್ತದೆ, ಕಡಿಮೆಗೆ ಸಿಕ್ಕಿತು ಅಂತ ರಬ್ಬರ್ ಮರ ಹಾಕಿದರೆ ಎರಡು ಮಳೆಗಾಲ ಕೂಡ ಬಾಳಲಿಕ್ಕಿಲ್ಲ. ಇನ್ನೊಂದು ವಿಷಯ, ಬಚ್ಚಲ ಬಾಗಿಲಿಗೆ, ಅಡುಗೆಮನೆ ಕಪಾಟಿಗೆ ಬಳಸುವ ಪಿವಿಸಿ ಫೋಮ್ ಹಲಗೆಯನ್ನೂ ನಮ್ಮಲ್ಲಿ ಡಬ್ಲ್ಯೂಪಿಸಿ ಅಂತಲೇ ಮಾರುತ್ತಾರೆ. ಆ ಹೆಸರು ಕೇಳಿ ಸಮಾಧಾನ ಪಡಬೇಡಿ. ತುದಿ ಕತ್ತರಿಸಿ ತೋರಿಸಲು ಹೇಳಿ. ಗಟ್ಟಿಯೋ ಟೊಳ್ಳೋ, ಪೊರೆ ಎಷ್ಟು ಬದಿಗೆ, ಪೈಪಿನ ಅಂತರ ಎಷ್ಟು, ಸ್ಲ್ಯಾಬಿಗೆ ತೂತು ಹಾಕುತ್ತಾರಾ ಇಲ್ಲವಾ, ಎಲ್ಲ ಕಾಗದದಲ್ಲಿ ಬರೆಸಿ. ಬೋಲ್ಟ್ ಇಲ್ಲದೆ ಪೀಠದ ಮೇಲೆ ಕೂರಿಸುವ ಪದ್ಧತಿಯೂ ಇದೆ, ನನಗೆ ತಡವಾಗಿ ಗೊತ್ತಾಯಿತು. ಬಿಲ್ ತಗೊಳ್ಳಿ. ಸ್ಯಾಂಪಲ್ ವಾಪಸು ಕೊಡಬೇಡಿ, ಅವನ ಅಜ್ಜ ಬಂದು ಕೇಳಿದರೂ ಕೊಡಬೇಡಿ.

ಕೊಟೇಶನ್, ದುಡ್ಡು ಕಳಿಸಿದ ಲೆಕ್ಕ, ದನಿ ಸಂದೇಶ, ಇಷ್ಟು ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಐದು ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಏನಾಗುತ್ತದೋ ನೋಡೋಣ. ಮಳೆ ಬಿಟ್ಟ ಮೇಲೆ 55 ಬೋಲ್ಟ್ ಕೀಳಿಸಬೇಕು, ಅದಕ್ಕೆ ಬೇರೆ ಖರ್ಚು.

ನಿನ್ನೆ ಪಕ್ಕದ ಮನೆಯವರು ತಮ್ಮ ಫೋನ್ ತಂದು ತೋರಿಸಿದರು. ಅವನ ವಾಟ್ಸಾಪ್ ಸ್ಟೇಟಸ್. ನನ್ನದೇ ಡೆಕ್, ಫೆಬ್ರವರಿಯ ಫೋಟೊ, ಕೆಳಗೆ "ಇನ್ನೊಬ್ಬ ಸಂತೃಪ್ತ ಗ್ರಾಹಕ" ಅಂತ. ಅದು ನಿಮ್ಮ ಕಣ್ಣಿಗೂ ಬೀಳಬಹುದು. ನೀಲಿ ಕುರ್ಚಿಯಲ್ಲಿ ಚಾ ಕಪ್ ಹಿಡಿದು ನಗುತ್ತಾ ಕೂತಿರುವ ಬೋಳುತಲೆಯವನು ನಾನೇ.